ಎಥನಾಲ್‌ನಲ್ಲಿ ಮಾತ್ರ ಕಂಡ ಶಿಖರ

ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಏರಿತು, ಒಂದು ಶಿಖರ ಮುಟ್ಟಿತು, ಇಳಿಯಿತು. ಅಲ್ಲಿಯವರೆಗೆ ಹೊಸದೇನೂ ಇರಲಿಲ್ಲ. ವೋಲ್ಟೇಜು ಹಿಂದಕ್ಕೆ ತಿರುಗಿದ ಮೇಲೆ ಅದೇ ಗೆರೆ ಕೆಳಗಡೆಯೂ ಅಷ್ಟೇ ಸ್ಪಷ್ಟವಾದ ಇನ್ನೊಂದು ಶಿಖರವನ್ನು ಬರೆದುಕೊಂಡು ಬಂತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪಕ್ಕದ ಸಿಂಕಿನಲ್ಲಿ ಬೀಕರು ತೊಳೆಯುತ್ತಿದ್ದ ನಮ್ಮ ಅಟೆಂಡರು ಗಾಬರಿಯಾಗಿ, "ಯಾಕ್ ಮೇಡಮ್ಮೋರೆ, ಕರೆಂಟ್ ಒಡೀತಾ?" ಎಂದರು.

ಪಾಂಡವಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾ, ಕೆ.ಆರ್. ಪೇಟೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾ, ನಾನು ಪಿಎಚ್.ಡಿ. ಕೆಲಸದ ಮೂರನೆಯ ಅಧ್ಯಾಯಕ್ಕೆ ಬಂದಿದ್ದ ಸಮಯವದು. ವಿಷಯ ಪಾಪಾಸುಕಳ್ಳಿ ಹಣ್ಣಿನ ಕೆಂಪು ಬಣ್ಣ. ಬೆಳಕನ್ನು ಹೀರಿಕೊಂಡು ಎಲೆಕ್ಟ್ರಾನು ಬಿಟ್ಟುಕೊಡುವ ಬಣ್ಣಗಳನ್ನು ಬಳಸಿ ಅಗ್ಗದ ಸೌರಕೋಶ ಮಾಡಬಹುದು. ಆದರೆ ಬಣ್ಣ ಬರೀ ಕೊಟ್ಟರೆ ಸಾಲದು. ಕೊಟ್ಟದ್ದನ್ನು ಮರಳಿ ಪಡೆದು ಮೊದಲಿನಂತಾಗಬೇಕು, ಆಗಲೇ ಮತ್ತೆ ಕೊಡಲು ಸಾಧ್ಯ. ಗಿಡಮರಗಳ ಬಣ್ಣಗಳು ಹೆಚ್ಚಾಗಿ ಒಮ್ಮೆ ಎಲೆಕ್ಟ್ರಾನು ಕಳೆದುಕೊಂಡರೆ ಅಲ್ಲಿಗೇ ಒಡೆದುಹೋಗುತ್ತವೆ. ನಮ್ಮ ಉಪಕರಣದಲ್ಲಿ ಅದು ಹೀಗೆ ಕಾಣುತ್ತದೆ: ಹೋಗುವಾಗ ಒಂದು ಶಿಖರ, ಬರುವಾಗ ಏನೂ ಇಲ್ಲ. ಆ ದಿನ ಬರುವಾಗಲೂ ಶಿಖರವಿತ್ತು.

ಇದಕ್ಕೆ ಬೇಕಾದ ಸಾಮಾನು ನೋಡಿದರೆ ಯಾರಿಗೂ ದೊಡ್ಡದೆನಿಸುವುದಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಗಾಜಿನ ಪಾತ್ರೆ. ಅದರಲ್ಲಿ ಬಣ್ಣದ ದ್ರಾವಣ, ವಿದ್ಯುತ್ತು ಹರಿಯಲೆಂದು ಸ್ವಲ್ಪ ಲವಣ. ಮೇಲಿನಿಂದ ಮೂರು ಎಲೆಕ್ಟ್ರೋಡುಗಳು ಇಳಿಯುತ್ತವೆ. ನಿಜವಾದ ಕೆಲಸ ನಡೆಯುವುದು ಪೆನ್ಸಿಲ್ಲಿನ ತುದಿಯಷ್ಟಿರುವ ಇಂಗಾಲದ ಎಲೆಕ್ಟ್ರೋಡಿನ ಮೇಲೆ. ಪ್ರತಿ ಓಟಕ್ಕೂ ಮುಂಚೆ ಅದನ್ನು ಮಖಮಲ್ಲಿನ ಬಟ್ಟೆಯ ಮೇಲೆ, ಹಿಟ್ಟಿನಂಥ ಅಲ್ಯೂಮಿನಾ ಪುಡಿ ಹಾಕಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿಕ್ಕಿ ಕನ್ನಡಿಯಾಗಿಸಬೇಕು. ಆಮೇಲೆ ದ್ರಾವಣದೊಳಗೆ ನೈಟ್ರೋಜನ್ ಗುಳ್ಳೆ ಬಿಟ್ಟು ಆಮ್ಲಜನಕ ಓಡಿಸಬೇಕು. ಆಮೇಲೆ ಸುಮ್ಮನಿರಬೇಕು, ಮೇಜು ಅಲುಗಿದರೂ ಗೆರೆ ನಡುಗುತ್ತದೆ. ಕಬ್ಬಿನ ಲಾರಿಗಳು ಕಾಲೇಜಿನ ಮುಂದೆ ಹಾದುಹೋಗುವ ತಿಂಗಳುಗಳಲ್ಲಿ ನಾವು ರಸ್ತೆ ಖಾಲಿಯಾಗುವವರೆಗೆ ಕಾಯುತ್ತಿದ್ದೆವು.

ನಾಲ್ಕು ದ್ರಾವಕಗಳಲ್ಲಿ ಅಳೆದಿದ್ದೆ: ನೀರು, ಮೆಥನಾಲ್, ಎಥನಾಲ್, ಅಸಿಟೋನೈಟ್ರೈಲ್. ನೀರಿನಲ್ಲಿ ಮರಳುವ ಶಿಖರ ಮಸುಕಾಗಿತ್ತು. ಮೆಥನಾಲಿನಲ್ಲಿ ಇದೆಯೋ ಇಲ್ಲವೋ ಎಂಬಂತಿತ್ತು. ಅಸಿಟೋನೈಟ್ರೈಲಿನಲ್ಲಿ ಬಣ್ಣವೇ ಸರಿಯಾಗಿ ಕರಗಲಿಲ್ಲ. ಎಥನಾಲಿನಲ್ಲಿ ಮಾತ್ರ ಪಠ್ಯಪುಸ್ತಕದ ಚಿತ್ರದಂತೆ ಬಂದಿತ್ತು. ಎಥನಾಲಿನ ಅಣುಗಳು ಬಣ್ಣದ ಸುತ್ತ ಕೂತು, ಅದು ಒಡೆಯದಂತೆ ಕಾಪಾಡುತ್ತಿವೆ ಎಂದು ನಾನೊಂದು ವಿವರಣೆ ಕಟ್ಟಿದೆ. ವಿವರಣೆ ಚೆನ್ನಾಗಿಯೇ ಇತ್ತು.

ನನ್ನ ಮಾರ್ಗದರ್ಶಕರಿಗೆ ಅದು ನಿವೃತ್ತಿಯ ವರ್ಷ. ಅವರ ಮನೆ ಶ್ರೀರಂಗಪಟ್ಟಣದಲ್ಲಿ, ಕೋಟೆಯ ಒಳಗೆ. ತಂದೆಯ ಕಾಲದವರೆಗೂ ದೇವಸ್ಥಾನದ ಸೇವೆಯಲ್ಲಿದ್ದ ಮನೆತನ. ಅವರೊಬ್ಬರು ವಿಜ್ಞಾನಕ್ಕೆ ಬಂದಿದ್ದರು. ಗ್ರಾಫು ಕೈಗೆ ಕೊಟ್ಟಾಗ ಕನ್ನಡಕ ತೆಗೆದು, ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಾನು ಮೂವತ್ತು ವರ್ಷ ಹೂವು, ಹಣ್ಣು, ತೊಗಟೆ ಎಲ್ಲಾ ಅರೆದು ನೋಡಿದೀನಮ್ಮ. ಒಂದೂ ಹೀಗೆ ವಾಪಸ್ ಬರಲಿಲ್ಲ," ಎಂದರು.

ಪ್ರಬಂಧ ಬರೆದೆವು. ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು. ಕೆಲವು ತಿದ್ದುಪಡಿ ಕೇಳಿ, ಕೊನೆಗೆ ಸ್ವೀಕರಿಸಿದ್ದೇವೆ ಎಂದು ಬರೆದರು. ಅಚ್ಚಾಗುವುದೊಂದು ಬಾಕಿ.

ಅಷ್ಟರಲ್ಲಿ ಮುಂದಿನ ಬೇಸಿಗೆ ಬಂತು. ಪಿಎಚ್.ಡಿ.ಯ ಪ್ರೌಢಪ್ರಬಂಧಕ್ಕೆ ಅದೇ ಅಳತೆಯನ್ನು ಹೊಸ ಹಣ್ಣಿನಲ್ಲಿ ಮೂರು ಸಲ ಮಾಡಿ ಸೇರಿಸಿದರೆ ಗಟ್ಟಿಯಾಗುತ್ತದೆ ಎಂದುಕೊಂಡೆ. ಹಣ್ಣು ಬರುತ್ತಿದ್ದದ್ದು ನಾಗಮಂಗಲದ ಕಡೆಯ ಒಂದು ಹಳ್ಳಿಯಿಂದ. ಅಟೆಂಡರ ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಅವರ ರಾಗಿ ಹೊಲದ ಬದುವಿನ ತುಂಬ ಕಳ್ಳಿ. ಅಟೆಂಡರು ಹೋಗಿ ಒಂದು ಬಕೆಟ್ಟು ಹಣ್ಣು ತಂದರು. ತೊಳೆದು, ಸಿಪ್ಪೆ ತೆಗೆದು, ಹಿಂಡಿ, ಸೋಸಿ, ಕಡಿಮೆ ಒತ್ತಡದಲ್ಲಿ ಆವಿ ಮಾಡಿ ಒಣಗಿಸಿದೆ. ಎಥನಾಲಿನಲ್ಲಿ ಕರಗಿಸಿದೆ. ಗೆರೆ ಏರಿತು, ಶಿಖರ ಮುಟ್ಟಿತು, ಇಳಿಯಿತು. ಮರಳುವಾಗ ಸಪಾಟಾಗಿ ಬಂತು.

ಎಲೆಕ್ಟ್ರೋಡು ಸರಿಯಾಗಿ ತಿಕ್ಕಿಲ್ಲ ಎಂದುಕೊಂಡೆ. ಮತ್ತೆ ತಿಕ್ಕಿದೆ. ಸಪಾಟು. ಮೂರರಲ್ಲಿ ಅಳತೆಗೆ ಆಧಾರವಾದ ಬೆಳ್ಳಿಯ ಎಲೆಕ್ಟ್ರೋಡು ಹಳತಾಗಿದೆ ಎಂದು ಹೊಸದನ್ನು ಹಾಕಿದೆ. ಎಥನಾಲಿನ ಬಾಟಲಿಗೆ ನೀರು ಸೇರಿರಬಹುದು ಎಂದು ಹೊಸ ಬಾಟಲಿ ತೆರೆದೆ. ಲವಣವನ್ನು ಓವನ್ನಿನಲ್ಲಿ ಒಣಗಿಸಿದೆ. ನೈಟ್ರೋಜನ್ ಎರಡರಷ್ಟು ಹೊತ್ತು ಬಿಟ್ಟೆ. ಗೆರೆ ಎಳೆಯುವ ವೇಗ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಮೂರು ವಾರ ಹೀಗೇ ಹೋಯಿತು. ಪಾಠ ಮಾಡುವಾಗಲೂ ಆ ಸಪಾಟು ಗೆರೆ ಕಣ್ಣ ಮುಂದೆ ಇರುತ್ತಿತ್ತು. ಹಣ್ಣಿನ ತಳಿ ಬೇರೆಯಿರಬಹುದೇ ಎಂದು ಕೊನೆಗೆ ಅಟೆಂಡರನ್ನು ಕೇಳಿದೆ.

"ಅದೇ ಬದ, ಅದೇ ಕಳ್ಳಿ ಮೇಡಮ್ಮೋರೆ. ನಾನೇ ಕಿತ್ಕಬಂದಿವ್ನಿ," ಎಂದರು. ಆಮೇಲೆ ಹೇಳಿದರು: "ಓದ್ ವರ್ಸ ಅಕ್ಕ ರಸ ಕಾಯ್ಸಿ ಕಳ್ಸಿದ್ಲಲ್ಲ, ಈ ಸತಿ ಅಂಗೆ ಅಣ್ಣೇ ತಂದಿವ್ನಿ. ಅದೊಂದೇ ವ್ಯತ್ಯಾಸ ಕಣಿ."

ನನ್ನ ಕೈಯಲ್ಲಿದ್ದ ಪಿಪೆಟ್ಟನ್ನು ಮೇಜಿನ ಮೇಲಿಟ್ಟೆ.

ಹೋದ ವರ್ಷ ನಡೆದದ್ದು ಇಷ್ಟು. ಮೊದಲ ಸಲ ಹಣ್ಣೇ ಬಂದಿತ್ತು. ಬಸ್ಸಿನ ಸೆಕೆಯಲ್ಲಿ ಹುಳಿ ಹಿಡಿದು ನೊರೆಯಾಗಿತ್ತು, ಚೆಲ್ಲಿದೆವು. ಎರಡನೆಯ ಸಲ ಅಟೆಂಡರು ಸ್ಟೀಲಿನ ಬಾಟಲಿಯಲ್ಲಿ ಕಡುಕೆಂಪು ರಸ ತಂದುಕೊಟ್ಟರು: "ಅಕ್ಕ ಅಲ್ಲೇ ಹಿಂಡಿ ಕೊಟ್ಟವ್ಳೆ, ಕೆಡಕ್ಕಿಲ್ವಂತೆ." ಹೇಗೆ ಹಿಂಡಿದರು, ಯಾಕೆ ಕೆಡುವುದಿಲ್ಲ ಎಂದು ನಾನು ಕೇಳಲಿಲ್ಲ. ತಡವಾಗಿತ್ತು, ಸಿಕ್ಕಿತಲ್ಲ ಎನ್ನುವ ಸಂತೋಷ. ನೋಟ್‌ಬುಕ್ಕಿನಲ್ಲಿ 'ಕಳ್ಳಿ ರಸ, ನಾಗಮಂಗಲ ಕಡೆ' ಎಂದಷ್ಟೇ ಬರೆದುಕೊಂಡೆ. ಪ್ರಬಂಧದಲ್ಲಿ ಮಾತ್ರ ಹೀಗೆ ಬರೆದಿದ್ದೆ: 'ತಾಜಾ ಹಣ್ಣುಗಳನ್ನು ಪ್ರಯೋಗಾಲಯದಲ್ಲಿ ಶುದ್ಧ ನೀರಿನಿಂದ ತೊಳೆದು, ಸಿಪ್ಪೆ ತೆಗೆದು, ರಸವನ್ನು ಬೇರ್ಪಡಿಸಲಾಯಿತು.' ಎಲ್ಲ ಪ್ರಬಂಧಗಳಲ್ಲೂ ಇರುವಂಥ ವಾಕ್ಯ. ಬರೆಯುವಾಗ ಕೈ ತಡೆಯಲಿಲ್ಲ.

ಆ ಶನಿವಾರ ಅರ್ಧ ದಿನದ ಪಾಠ ಮುಗಿಸಿ, ಅಟೆಂಡರ ಜೊತೆ ನಾಗಮಂಗಲದ ಬಸ್ಸು ಹತ್ತಿದೆ. ನಾಲೆಯ ಹಸಿರು ಹಿಂದೆ ಬಿದ್ದು, ತೆಂಗು ಮತ್ತು ಕೆಂಪು ನೆಲ ಶುರುವಾಯಿತು. ಬಸ್ಸಿಳಿದು ಒಂದೂವರೆ ಮೈಲಿ ನಡೆದೆವು. ಅವರ ಅಕ್ಕ ಅಂಗಳದಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು. ಅರವತ್ತರ ಹತ್ತಿರದ, ಎತ್ತರದ ಹೆಂಗಸು. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದರು.

"ಬನ್ರವ್ವ, ಕುಂತ್ಕಳಿ. ನಮ್ಮ್ ಬದದ ಅಣ್ಣು ಪುಸ್ತಕ್ದಲ್ಲಿ ಬತ್ತದಂತೆ? ಇವ್ನು ಏಳ್ದ. ಊರ್ನಾಗೆಲ್ಲಾ ಏಳಿವ್ನಿ ನಾನು!"

ನಾನು ನಗಲು ಪ್ರಯತ್ನಪಟ್ಟೆ. ಹೋದ ವರ್ಷ ರಸ ಹೇಗೆ ಮಾಡಿದಿರಿ ಎಂದು ಕೇಳಿದೆ. ಅವರು ಉತ್ಸಾಹದಿಂದ ಹೇಳಿದರು.

"ಮೊದ್ಲು ಮುಳ್ಳಿನ ಸುಂಕು ಓಗ್ಲಿ ಅಂತ ಅಣ್ಣುಗಳ್ನ ಬೂದೀಲಿ ಉಳ್ಳಾಡ್ಸ್ದೆ. ಸಿಪ್ಪೆ ಬುಡ್ಸಿ, ಬಟ್ಟೇಲಿ ಹಿಂಡ್ದೆ. ಬಿಸ್ಲಲ್ಲಿ ಕೆಟ್ಟೋಯ್ತದೆ ಅಂದಿದ್ನಲ್ಲ ಇವ್ನು, ಅದ್ಕೆ ನಾಕ್ ನಿಂಬೆಅಣ್ಣು ಹಿಂಡ್ಬುಟ್ಟು ಬಾಂಡ್ಲೀಲಿ ಒಂದ್ ಕುದಿ ಬರ್ಸ್ದೆ. ಬಣ್ಣ ಓಗ್ಬುಟ್ಟದಾ ಅಂತ ಎದ್ರಿದ್ದೆ. ಓಗ್ನಿಲ್ಲ. ಆರೋಗಂಟ ಅದ್ರಲ್ಲೇ ಬುಟ್ಟಿದ್ದೆ."

"ಯಾವ ಬಾಣಲೆ, ನೋಡಬಹುದಾ?"

ಒಳಗಿನಿಂದ ಎತ್ತಿಕೊಂಡು ಬಂದರು. ಕಪ್ಪನೆಯ, ದಪ್ಪ ಕಬ್ಬಿಣದ ಬಾಣಲೆ. ತಳದಲ್ಲಿ ಅಲ್ಲಲ್ಲಿ ತುಕ್ಕಿನ ಚುಕ್ಕೆ. ನಿಂಬೆಯ ಹುಳಿ, ಬಿಸಿ, ಕಬ್ಬಿಣ, ಆರುವವರೆಗೆ ಬಿಟ್ಟ ಹೊತ್ತು. ರಸಾಯನಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಾಗುವಂಥದ್ದು: ಹುಳಿ ಕಬ್ಬಿಣವನ್ನು ರಸಕ್ಕೆ ಇಳಿಸಿತ್ತು. ಎಲೆಕ್ಟ್ರಾನು ಕೊಟ್ಟು ಮರಳಿ ಪಡೆಯುವುದರಲ್ಲಿ ಕಬ್ಬಿಣಕ್ಕಿಂತ ಚೆನ್ನಾಗಿ ಗೊತ್ತಿರುವ ವಸ್ತು ಇಲ್ಲ.

"ಯಾಕವ್ವ, ಏನಾರ ಎಚ್ಚುಕಮ್ಮಿ ಆಯ್ತಾ?" ಎಂದು ಅವರು ಕೇಳಿದರು.

"ಇಲ್ಲ ಅಕ್ಕ, ಸುಮ್ಮನೆ ತಿಳಿದುಕೊಳ್ಳೋಣ ಅಂತ ಬಂದೆ," ಎಂದೆ. ಅವರು ಕೊಟ್ಟ ಮಜ್ಜಿಗೆ ಕುಡಿದು ಹೊರಟೆ.

ಸೋಮವಾರ ಹಳೆಯ ಒಣ ಮಾದರಿಯಲ್ಲಿ ಉಳಿದಿದ್ದ ಒಂದು ಚಿಟಿಕೆಯನ್ನು ಮೂಸೆಯಲ್ಲಿ ಸುಟ್ಟು ಬೂದಿ ಮಾಡಿದೆ. ಇನ್ನೊಂದು ಮೂಸೆಯಲ್ಲಿ ಈ ವರ್ಷದ ಹಣ್ಣಿನದು. ಎರಡನ್ನೂ ಆಮ್ಲದಲ್ಲಿ ಕರಗಿಸಿ, ಎರಡು ಪ್ರನಾಳಗಳಿಗೆ, ಕಬ್ಬಿಣವಿದ್ದರೆ ಕೆಂಪಾಗುವ ಥಯೋಸೈನೇಟಿನ ಕೆಲವು ಹನಿ ಬಿಟ್ಟೆ. ಪ್ರತಿ ವರ್ಷ ಬಿ.ಎಸ್ಸಿ. ಮಕ್ಕಳಿಂದ ಮಾಡಿಸುವ ಪರೀಕ್ಷೆ. ಈ ವರ್ಷದ್ದು ತೆಳು ಗುಲಾಬಿಯಾಯಿತು. ಯಾವ ಹಣ್ಣಿನಲ್ಲೂ ಇರುವಷ್ಟು ಕಬ್ಬಿಣ. ಹೋದ ವರ್ಷದ್ದು ರಕ್ತದ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನ ಹೊಸ ರಸದ ಎಥನಾಲ್ ದ್ರಾವಣಕ್ಕೆ ಚೂರು ಕಬ್ಬಿಣದ ಲವಣ ಮತ್ತು ನಿಂಬೆಯ ಹುಳಿ ಸೇರಿಸಿ ಗೆರೆ ಎಳೆದೆ. ಕಳೆದುಹೋಗಿದ್ದ ಶಿಖರ ಅದೇ ಜಾಗದಲ್ಲಿ ಎದ್ದು ನಿಂತಿತು.

ಆ ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ: ಸುಮ್ಮನಿದ್ದುಬಿಡುವ ಯೋಚನೆ ಬಂತು. ಪ್ರಬಂಧ ಸ್ವೀಕಾರವಾಗಿದೆ. ನಾಗಮಂಗಲದ ಬದುವಿನ ಕಳ್ಳಿಯನ್ನು ಹುಡುಕಿಕೊಂಡು ಬಂದು ಅಳೆಯುವವರು ಯಾರು? ಅಳೆದು ಬರದಿದ್ದರೂ ಮಣ್ಣು ಬೇರೆ, ತಳಿ ಬೇರೆ ಎಂದು ಹೇಳಬಹುದು. ಸಂಶೋಧನೆಗೆ ಉಳಿದಿದ್ದ ಅವಧಿಯೂ ಹೆಚ್ಚಿರಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕೂತು ಈ ವಾದಗಳನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸುತ್ತಿದ್ದೆ. ಮೂರನೆಯ ದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಅಳತೆಯ ಪಟ್ಟಿಯಲ್ಲಿ ತನಗೆ ಬಾರದ ಒಂದು ಅಂಕಿಯನ್ನು ಪಕ್ಕದವಳಿಂದ ನೋಡಿ ಬರೆದುಕೊಂಡಿದ್ದಳು. ಎಂದಿನಂತೆ ಗದರಬೇಕೆಂದು ಬಾಯಿ ತೆರೆದೆ. ಗದರದೆ ಪಟ್ಟಿಯನ್ನು ಅವಳಿಗೇ ಮರಳಿಸಿದೆ. ಸಂಜೆ ನೇರವಾಗಿ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ.

ಮಾರ್ಗದರ್ಶಕರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಎರಡೂ ಗ್ರಾಫುಗಳನ್ನು ಮುಂದಿಟ್ಟು, ಬಾಣಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವರು ನಮ್ಮ ಪ್ರಬಂಧದ ಪ್ರತಿ ತರಿಸಿ, ಎರಡನೆಯ ಪುಟ ತೆಗೆದು, ಆ ವಾಕ್ಯದ ಕೆಳಗೆ ಬೆರಳಿಟ್ಟರು.

"ಇದನ್ನ ಬರೆಯೋವಾಗ, ರಸ ಹಳ್ಳಿಯಿಂದ ಬಂದದ್ದು ನಿನಗೆ ಗೊತ್ತಿತ್ತು?"

"ಗೊತ್ತಿತ್ತು ಸರ್."

"ಕುದಿಸಿದ್ದು?"

"ಅದು ಗೊತ್ತಿರಲಿಲ್ಲ. ಕೇಳಲಿಲ್ಲ."

"ನಾನೂ ಕೇಳಲಿಲ್ಲ," ಎಂದರು. "ಇಷ್ಟು ಚೆನ್ನಾಗಿ ಬಂದಾಗ ಮೊದಲು ಕೇಳಬೇಕಾದ್ದೇ ಅದು. ಬೇರೆಯವರ ವಿದ್ಯಾರ್ಥಿಯಾಗಿದ್ದರೆ ಕೇಳ್ತಿದ್ದೆ. ನನಗೂ ಅದು ಬೇಕಾಗಿತ್ತು ನೋಡು."

ಒಳಗಿನಿಂದ ಕಾಫಿ ಬಂತು. ಅವರ ಲೋಟ ಹಾಗೇ ಆರಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಒಂದು ದಾರಿ ಹೇಳಿದರು. ಮಾದರಿಯಲ್ಲಿ ಕಬ್ಬಿಣ ಬೆರೆತಿರುವುದು ಈಗ ತಿಳಿಯಿತು, ಆದ್ದರಿಂದ ಪ್ರಬಂಧ ಹಿಂತೆಗೆದುಕೊಳ್ಳುತ್ತೇವೆ ಎಂದು ಪತ್ರ ಬರೆಯೋಣ. ಅಷ್ಟು ಸಾಕು. ಅದು ನಿಜವೇ. ಯಾರೂ ತಪ್ಪು ಹುಡುಕುವುದಿಲ್ಲ. "ನಿನ್ನ ಮುಂದೆ ಇನ್ನೂ ದಾರಿ ಇದೆಯಮ್ಮ. ಆ ವಾಕ್ಯದ ಮಾತು ಎತ್ತಬೇಡ."

ನನಗೆ ಒಪ್ಪಿಬಿಡಬೇಕೆನಿಸಿತು. ಅವರು ನನಗಾಗಿ ಹೇಳುತ್ತಿದ್ದರು. ಆದರೆ ಕಬ್ಬಿಣ ಹೇಗೆ ಬೆರೆಯಿತು ಎಂದು ಕೇಳಿದರೆ? ನಮ್ಮ ವಾಕ್ಯದ ಪ್ರಕಾರ ಹಣ್ಣು ಗಾಜನ್ನು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಒಂದು ಸುಳ್ಳನ್ನು ಉಳಿಸಲು ಇನ್ನೊಂದು ಬರೆಯಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತಪ್ಪೆಲ್ಲ ಬಾಣಲೆಯ ಮೇಲೆ ಹೋಗಿ ಬೀಳುತ್ತದೆ. ಬಾಣಲೆ ಏನು ಮಾಡಿತ್ತು?

"ಆ ವಾಕ್ಯವನ್ನೂ ಬರೀತೀನಿ ಸರ್," ಎಂದೆ. "ನಿಮ್ಮ ಹೆಸರೂ ಇದೆ, ಅದಕ್ಕೆ ಕೇಳ್ತಿದೀನಿ."

ಅವರು ಎದ್ದು ಜಗುಲಿಯ ತುದಿಯವರೆಗೆ ಹೋಗಿ ಬಂದರು. "ಬರಿ. ಕೆಳಗೆ ನನ್ನ ಸಹಿಗೆ ಜಾಗ ಬಿಡು," ಎಂದರು.

ಪತ್ರ ಒಂದು ಪುಟಕ್ಕಿಂತ ಕಡಿಮೆಯಿತ್ತು. ಪತ್ರಿಕೆಯಿಂದ ಎರಡು ಸಾಲಿನ ಉತ್ತರ ಬಂತು: ಪ್ರಬಂಧವನ್ನು ಕೈಬಿಡಲಾಗಿದೆ. ವಿಶ್ವವಿದ್ಯಾಲಯದ ಸಮಿತಿ ನನ್ನನ್ನು ಕರೆಸಿ ಕೂರಿಸಿತು. ಒಬ್ಬರು ಇದು ಅಜಾಗರೂಕತೆ ಎಂದರು. ಇನ್ನೊಬ್ಬರು ಅಜಾಗರೂಕತೆಯಲ್ಲ, ಅಪ್ರಾಮಾಣಿಕತೆ ಎಂದರು. ಇಬ್ಬರ ಮಾತನ್ನೂ ನಾನು ನಿರಾಕರಿಸಲಿಲ್ಲ. ಅಧ್ಯಾಯವನ್ನು ಪೂರ್ತಿ ಮತ್ತೆ ಮಾಡಬೇಕು, ಪ್ರತಿ ಮಾದರಿಯ ದಾಖಲೆ ಒಪ್ಪಿಸಬೇಕು ಎಂಬ ಷರತ್ತಿನ ಮೇಲೆ ಅವಧಿ ವಿಸ್ತರಿಸಿದರು.

ಮಾರ್ಗದರ್ಶಕರ ಬೀಳ್ಕೊಡುಗೆ ಆ ತಿಂಗಳ ಕೊನೆಗೆ. ಅಭಿನಂದನೆಯ ಮಾತಾಡಿದವರೊಬ್ಬರು ಹಳೆಯ ಪಟ್ಟಿ ಹಿಡಿದು, ಅವರ ಕೊನೆಯ ಸಾಧನೆಯೆಂದು ಕಳ್ಳಿ ಹಣ್ಣಿನ ಪ್ರಬಂಧವನ್ನೇ ಓದಿಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ನಾನು ತಲೆ ತಗ್ಗಿಸಿದೆ. ಅವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಎದ್ದು ಮೈಕಿನ ಬಳಿ ಹೋದರು. "ಒಂದು ತಿದ್ದುಪಡಿ. ಆ ಪ್ರಬಂಧ ಹಿಂತೆಗೆದುಕೊಂಡಿದ್ದೇವೆ. ಅದರಲ್ಲಿ ತಪ್ಪಿತ್ತು. ನಾನೂ ಸಹಿ ಹಾಕಿದ್ದೆ," ಎಂದಷ್ಟು ಹೇಳಿ ಬಂದು ಕೂತರು. ನಿರೂಪಣೆ ಮಾಡುತ್ತಿದ್ದವರು ಗಡಿಬಿಡಿಯಲ್ಲಿ ಮುಂದಿನ ಹಾಡಿಗೆ ಕರೆದರು.

ಅಧ್ಯಾಯ ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಹೊಸ ಮಾರ್ಗದರ್ಶಕರು ಕಟ್ಟುನಿಟ್ಟಿನವರು, ನನಗೂ ಅದೇ ಬೇಕಿತ್ತು. ಬಣ್ಣವನ್ನು ಕಬ್ಬಿಣ ಮುಟ್ಟದಂತೆ ತೆಗೆದು ಶುದ್ಧ ಮಾಡಿ ಅಳೆದಾಗ ಅದು ಯಾವ ದ್ರಾವಕದಲ್ಲೂ ಮರಳಲಿಲ್ಲ. ಒಡೆಯುವ ವೇಗ ಮಾತ್ರ ಬೇರೆ ಬೇರೆ: ನೀರಿನಲ್ಲಿ ಬೇಗ, ಎಥನಾಲಿನಲ್ಲಿ ತುಸು ನಿಧಾನ. ಸಣ್ಣ ಫಲಿತಾಂಶ. ಸೌರಕೋಶಕ್ಕೆ ಅದರಿಂದ ಪ್ರಯೋಜನವಿಲ್ಲ. ಆದರೆ ಹತ್ತು ಸಲ ಅಳೆದರೂ ಹತ್ತು ಸಲವೂ ಅದೇ ಬಂತು.

ಅಷ್ಟು ಕಾಲವೂ ಅಟೆಂಡರ ಅಕ್ಕನಿಗೆ ನಾನು ವಿಷಯ ಹೇಳಿರಲಿಲ್ಲ. ಅಕ್ಕನಿಗೆ ಹೇಳಬೇಡಿ ಎಂದು ಅಟೆಂಡರಿಗೂ ಹೇಳಿದ್ದೆ. ಅವರು ಹಣ್ಣು ಕಳಿಸುತ್ತಲೇ ಇದ್ದರು. ಮೊದಲ ಫಲಿತಾಂಶ ಯಾಕೆ ತಪ್ಪಾಯಿತು ಎಂಬುದನ್ನು ಅಧ್ಯಾಯದಲ್ಲಿ ಬರೆಯಬೇಕಾಗಿ ಬಂದಾಗ, ಅವರ ಮನೆಯ ಮಾತನ್ನು ಅವರನ್ನು ಕೇಳದೆ ಬರೆಯುವುದು ಸರಿಯಲ್ಲ ಅನಿಸಿತು. ಒಬ್ಬಳೇ ಹೋದೆ.

ಹೊಲದ ಬದುವಿನಲ್ಲಿ ಸಿಕ್ಕಿದರು. ಕೈಗೆ ಬಟ್ಟೆ ಸುತ್ತಿಕೊಂಡು ಇಕ್ಕಳದಿಂದ ಹಣ್ಣು ಕೀಳುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಬ್ಬಿಣ ರಸಕ್ಕೆ ಇಳಿದದ್ದು, ನಾವು ಅದನ್ನೇ ಬಣ್ಣದ ಗುಣ ಎಂದುಕೊಂಡದ್ದು, ಪುಸ್ತಕದಲ್ಲಿ ಬರಬೇಕಾದ್ದು ಬಾರದೇ ಹೋದದ್ದು.

ಅವರ ಮುಖ ಸಣ್ಣದಾಯಿತು. "ಅಂಗಾರೆ ನನ್ನಿಂದ್ಲೇ ಕೆಟ್ಟೋಯ್ತಾ?"

"ನಿಮ್ಮಿಂದ ಅಲ್ಲ ಅಕ್ಕ. ಕೆಡಬಾರದು ಅಂತ ನೀವು ಮಾಡಿದ್ರಿ. ನಾನು ಒಂದು ಮಾತು ಕೇಳಿದ್ದರೆ ನೀವು ಎಲ್ಲಾ ಹೇಳ್ತಿದ್ರಿ."

"ಏಳ್ದೆ ಏನು? ನೀವು ಕೇಳ್ದೇಟ್ಗೇ ಏಳ್ನಿಲ್ವಾ!"

"ಹೇಳಿದ್ರಿ. ಅವತ್ತು ಬಂದಾಗಲೇ ನಾನು ನಿಮಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ." ಉಳಿದದ್ದನ್ನು ಕಷ್ಟಪಟ್ಟು ಕೇಳಿದೆ: "ರಸವನ್ನ ಒಬ್ಬ ರೈತ ಮಹಿಳೆಯ ಮನೆಯಲ್ಲಿ, ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದು ಅಂತ ಬರೀಬೇಕು. ಹೆಸರು ಹಾಕಲ್ಲ. ಬರೀಲಾ?"

ಅವರು ಇಕ್ಕಳದಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿ, ನನ್ನ ಮುಖವನ್ನೇ ನೋಡಿದರು.

"ಬರ್ಕಳವ್ವ. ಎಸ್ರೂ ಆಕ್ಕಳಿ. ನಾನೇನ್ ಸುಳ್ಳೇಳಿದ್ದನಾ?"

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆ ಸುಳ್ಳು ವಾಕ್ಯದ ವಿಷಯ ಅವರಿಗೆ ಗೊತ್ತೂ ಇರಲಿಲ್ಲ. ಅದೊಂದನ್ನು ನಾನು ಆಗಲೂ ಹೇಳಿರಲಿಲ್ಲ. ಬದುವಿನ ಕಲ್ಲಿನ ಮೇಲೆ ಕೂತೆ. "ಇನ್ನೂ ಒಂದು ಮಾತಿದೆ ಅಕ್ಕ," ಎಂದೆ. ಅವರು ಇಕ್ಕಳ ಕೆಳಗಿಟ್ಟು, ಕೈಯ ಬಟ್ಟೆ ಬಿಚ್ಚಿ, ನನ್ನ ಪಕ್ಕ ಬಂದು ಕೂತರು.